ದೂರದ ಬೆಟ್ಟ ನುಣ್ಣಗೆ

ಈ ಗಾದೆಯನ್ನು ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಹೊರಟವರನ್ನು ತಡೆಯಲಿಕ್ಕೆ. ಕೆಲಸ ಬಿಡುತ್ತೇನೆ, ಬೇರೆ ಊರಿಗೆ ಹೋಗುತ್ತೇನೆ ಎಂದವರಿಗೆ ಹಿರಿಯರು ಥಟ್ಟನೆ ಹೇಳಿಬಿಡುತ್ತಾರೆ: ಹತ್ತಿರ ಹೋದರೆ ಬರೀ ಕಲ್ಲುಮುಳ್ಳು. ಆದರೆ ಗಾದೆಯಲ್ಲಿ 'ಹೋಗಬೇಡ' ಎಂಬ ಮಾತೇ ಇಲ್ಲ. ಕಲ್ಲುಮುಳ್ಳಿನ ಸುದ್ದಿ ತಿಳಿದದ್ದೇ ಯಾರೋ ಹತ್ತಿ ಬಂದದ್ದರಿಂದ. ಈ ಗಾದೆಯನ್ನು ಕಟ್ಟಿದವರು ಬೆಟ್ಟ ಹತ್ತಿದವರೇ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಸುತ್ತಲಿನ ಬೆಟ್ಟಗಳನ್ನು ನೋಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಶಿವಗಂಗೆ, ಸಾವನದುರ್ಗ, ರಾಮನಗರದ ಬಂಡೆಗಳೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಭೂವಿಜ್ಞಾನದಲ್ಲಿ ಈ ಕಲ್ಲಿಗೆ ನಿಂತುಬಿಟ್ಟಿದೆ. ಬಿಸಿಲು ಮಳೆಗೆ ಇದು ಪದರ ಪದರವಾಗಿ ಕಳಚುತ್ತದೆ, ಮೂಲೆಗಳು ಉದುರಿ ಗುಡ್ಡ ಗುಂಡಗಾಗುತ್ತದೆ. ದೂರಕ್ಕೆ ನುಣ್ಣಗೆ ಕಾಣುವುದು ಅದಕ್ಕೇ. ಸಾವನದುರ್ಗದ ಬಂಡೆಗೆ ಅಂಗೈ ಊರಿ ನೋಡಿ, ಕಲ್ಲಿನ ಹರಳು ಚುಚ್ಚುತ್ತದೆ. ಆ ಒರಟೇ ಕಾಲಿಗೆ ಹಿಡಿತ ಕೊಟ್ಟು ಮೇಲಕ್ಕೆ ಹತ್ತಿಸುವುದು. ಮಳೆಗಾಲದಲ್ಲಿ ಪಾಚಿ ಕಟ್ಟಿ ನಿಜಕ್ಕೂ ನುಣ್ಣಗಾದ ಬಂಡೆಯೇ ಮನುಷ್ಯನನ್ನು ಜಾರಿಸಿ ಬೀಳಿಸುತ್ತದೆ. ಕಲ್ಲುಮುಳ್ಳನ್ನು ನಾವು ಬೆಟ್ಟದ ದೋಷವೆಂದು ಎಣಿಸಿದ್ದೇ ತಪ್ಪು.

ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿಗೆ ಶಿವಗಂಗೆ ಮನೆಬಾಗಿಲಿನ ಬೆಟ್ಟ. ತುಮಕೂರು ರಸ್ತೆಯಲ್ಲಿ ಬಸ್ ಹತ್ತಿ ದಾಬಸ್‌ಪೇಟೆಯಲ್ಲಿ ಇಳಿದರೆ ಉಳಿಯುವುದು ಕೆಲವೇ ಕಿಲೋಮೀಟರ್. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ ಎನ್ನುತ್ತಾರೆ. ಇವೆಲ್ಲ ದೂರದ ನೋಟಗಳು. ಮೆಟ್ಟಿಲು ಹತ್ತುತ್ತ ಹೋದರೆ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯ ಕುಳಿಯೊಳಗೆ ತೋಳು ಇಳಿಬಿಟ್ಟು ನೀರು ಮುಟ್ಟಬೇಕು. ಮುಟ್ಟಿದವರು ಪುಣ್ಯವಂತರೆಂಬ ನಂಬಿಕೆ. ಬಾಗಿ, ತಡಕಾಡಿ, ಕೊನೆಗೆ ಬೆರಳ ತುದಿಗೆ ತಣ್ಣಗೆ ತಗುಲಿದಾಗ ವಾರವಿಡೀ ಮೆಷಿನ್ ಮುಂದೆ ನಿಂತವರ ಮುಖ ಅರಳುವುದನ್ನು ನೋಡಬೇಕು!

ವೈಟ್‌ಫೀಲ್ಡ್‌ನವರಿಗೆ ಕೋಲಾರದ ಅಂತರಗಂಗೆ ಇದೆ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್ ಬಳಿಯ ಮುತ್ಯಾಲಮಡುವು. ದೂರದ ಮನಾಲಿಗೆ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆಯ ಆ ಪ್ರವಾಸಕ್ಕೆ ಕಾಯುತ್ತ ಐವತ್ತು ಭಾನುವಾರಗಳನ್ನು ಮಾಲ್‌ನಲ್ಲಿ ಕಳೆಯುವುದು ಮಾತ್ರ ನನಗೆ ಸಂಕಟದ ಸಂಗತಿ.

ಹಾಗೆಂದು ಎಲ್ಲರೂ ಒಂದೇ ಬೆಟ್ಟಕ್ಕೆ ನುಗ್ಗಿದರೂ ಕಷ್ಟವೇ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಸಾಗರ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿತು. ಅದೇ ವರ್ಷ ಆನ್‌ಲೈನ್ ಬುಕಿಂಗ್‌ಗೆ 'ಅರಣ್ಯ ವಿಹಾರ' ಜಾಲತಾಣ ಬಂತು. ಇದು ಕಿರಿಕಿರಿ ಎನ್ನುವವರಿದ್ದಾರೆ, ನಾನಂತೂ ಇದರ ಪರ; ಬೆಟ್ಟಗಳು ನಮ್ಮೊಬ್ಬರವೇ ಅಲ್ಲವಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಆ ಹಕ್ಕಿಗಳ ಮುಂದೆ ಸ್ಪೀಕರ್ ಹಚ್ಚುವುದು ಅನ್ಯಾಯ.

ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಸಿಗುವುದು ವಾರಕ್ಕೊಂದೇ ರಜೆ. ಬಟ್ಟೆ ಒಗೆಯುವುದು, ಸಾಮಾನು ತರುವುದು ಎಲ್ಲ ಅಂದೇ ಆಗಬೇಕು. ಆದರೂ ಮುಂಜಾನೆಯ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲು ಶಿವಗಂಗೆ ಹತ್ತಿ ಇಳಿಯಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಂಗಗಳ ಕಾಟವಿದೆ, ತಿಂಡಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ. ನೀರಿನ ಬಾಟಲಿಯನ್ನು ಮರೆಯದೆ ವಾಪಸ್ ತನ್ನಿ.