ಪ್ರಹ್ಲಾದ ಬೇಡದ ವರ

ಮಕ್ಕಳಲ್ಲಿ ಧರ್ಮಬುದ್ಧಿಯನ್ನು ಬೆಳೆಸಬೇಕೆಂಬ ಉದ್ದೇಶದಿಂದ ತಯಾರಾಗುವ ಅನಿಮೇಷನ್ ಚಿತ್ರಗಳು, ಅಂದರೆ ಕೈಯಿಂದಲೋ ಕಂಪ್ಯೂಟರಿನಿಂದಲೋ ಬರೆದ ಆಕೃತಿಗಳಿಗೆ ಚಲನೆಯನ್ನು ಕೊಟ್ಟು ಕಥೆ ಹೇಳುವ ಚಿತ್ರಗಳು, ಬಹಳ ಹಳೆಯದೊಂದು ತಾತ್ತ್ವಿಕ ಪ್ರಶ್ನೆಯನ್ನು ಮತ್ತೆ ಎದುರಿಗೆ ತಂದಿಡುತ್ತವೆ: ಒಳ್ಳೆಯವನಿಗೆ ಗೆಲುವು, ಕೆಟ್ಟವನಿಗೆ ಸಾವು ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಿದಾಗ ಮಗು ಕಲಿಯುವುದು ಧರ್ಮವನ್ನೋ ಅಥವಾ ಲಾಭನಷ್ಟದ ಎಣಿಕೆಯನ್ನೋ? ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿ, 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡ ‘ಮಹಾವತಾರ್ ನರಸಿಂಹ’ ಚಿತ್ರವನ್ನು ನೋಡಲು ತಂದೆತಾಯಿಯರು ಮಕ್ಕಳನ್ನು ಕರೆದುಕೊಂಡು ಚಿತ್ರಮಂದಿರಗಳಿಗೆ ಹೋದ ಮೇಲಂತೂ ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಆ ಚಿತ್ರಕ್ಕೆ ಆಧಾರವಾದ ಪ್ರಹ್ಲಾದನ ಕಥೆಯೇ ಮಗುವಿಗೆ ಧರ್ಮವನ್ನು ಹೇಗೆ ಕಲಿಸಬೇಕು, ಹೇಗೆ ಕಲಿಸಬಾರದು ಎಂಬುದರ ಕಥೆಯಾಗಿರುವುದು ವಿಚಾರಕ್ಕೆ ಒದಗಿದ ಭಾಗ್ಯವೆನ್ನಬೇಕು.

ಭಾಗವತದ ಏಳನೆಯ ಸ್ಕಂಧದಲ್ಲಿ ಅಸುರರಾಜ ಹಿರಣ್ಯಕಶಿಪುವಿನ ಮಗ ಪ್ರಹ್ಲಾದನು ಐದು ವರ್ಷದ ಬಾಲಕ. ಶುಕ್ರಾಚಾರ್ಯರ ಮಕ್ಕಳಾದ ಶಂಡ ಮತ್ತು ಅಮರ್ಕರು ಅವನ ಗುರುಗಳು. ಅವರು ಬೋಧಿಸುವುದು ತ್ರಿವರ್ಗವನ್ನು, ಎಂದರೆ ಮೋಕ್ಷವನ್ನು ಬಿಟ್ಟು ಧರ್ಮ, ಅರ್ಥ, ಕಾಮಗಳೆಂಬ ಮೂರು ಪುರುಷಾರ್ಥಗಳನ್ನು. ಬೋಧಿಸುವ ರೀತಿ ಗದರಿಕೆಯದು, ಮಾತು ಮೀರಿದರೆ ಬೆತ್ತದ್ದು. ಭಯದಿಂದ ಒಳ್ಳೆಯತನ ಬರುತ್ತದೆಂದು ನಂಬಿದ ಈ ಶಿಕ್ಷಣ ಪುರಾಣದಲ್ಲಿ ಸಂಪೂರ್ಣವಾಗಿ ಸೋಲುತ್ತದೆ ಎಂಬುದನ್ನು ಮಕ್ಕಳಿಗಾಗಿ ಚಿತ್ರ ಮಾಡುವವರು ಗಮನಿಸಲೇಬೇಕು. ಗುರುಗಳು ಮನೆವಾರ್ತೆಗೆಂದು ಹೋದಾಗ ಆಟಕ್ಕೆ ಕರೆದ ಸಹಪಾಠಿಗಳನ್ನು ಪ್ರಹ್ಲಾದನು ಸುತ್ತ ಕೂರಿಸಿಕೊಂಡು, ಅಸುರಭಾವವನ್ನು ಬಿಟ್ಟು ಎಲ್ಲ ಜೀವಿಗಳಲ್ಲಿ ದಯೆಯನ್ನೂ ಸ್ನೇಹವನ್ನೂ ಇರಿಸಿರೆಂದು ಹೇಳುತ್ತಾನೆ. ಕೇಳುತ್ತಿರುವವರೂ ಅಸುರರ ಮಕ್ಕಳೇ. ಹಾಗಿದ್ದ ಮೇಲೆ ಅಸುರತ್ವವು ಹುಟ್ಟಿನಿಂದ ಅಂಟಿದ ಗುಣವಲ್ಲ, ಬಿಡಲು ಸಾಧ್ಯವಾದ ಸ್ವಭಾವ ಎಂದಾಯಿತು. ಕೆಟ್ಟವರಿಗೆಲ್ಲ ಕೋರೆಹಲ್ಲು, ಕಪ್ಪು ಮೈ, ಕೆಂಗಣ್ಣುಗಳನ್ನೇ ಬರೆಯುವ ಚಿತ್ರಶೈಲಿ ಈ ಸೂಕ್ಷ್ಮವನ್ನು ಅಳಿಸಿಬಿಡುತ್ತದೆ, ಏಕೆಂದರೆ ಮುಖ ನೋಡಿಯೇ ದುಷ್ಟನನ್ನು ಗುರುತಿಸಲು ಕಲಿತ ಮಗು ಅದೇ ಕಣ್ಣಿನಿಂದ ಬೀದಿಯ ಮನುಷ್ಯರನ್ನೂ ನೋಡತೊಡಗುತ್ತದೆ.

ಕಥೆಯ ನಿಜವಾದ ಶಿಖರ ಹಿರಣ್ಯಕಶಿಪುವಿನ ವಧೆಯ ನಂತರದಲ್ಲಿದೆ. ಕಂಬದಿಂದ ಮೂಡಿಬಂದು ಅವನನ್ನು ಕೊಂದ ಉಗ್ರನಾದ ನರಸಿಂಹನ ಬಳಿ ಸಾರಲು ದೇವತೆಗಳೇ ಅಂಜಿ ನಿಂತಾಗ ಬಾಲಕನು ಹತ್ತಿರ ಹೋಗುತ್ತಾನೆ; ಪ್ರಸನ್ನನಾದ ಸ್ವಾಮಿ ವರವನ್ನು ಕೇಳೆನ್ನುತ್ತಾನೆ. ಒಡೆಯನಿಂದ ಪ್ರತಿಫಲವನ್ನು ಬಯಸಿ ಸೇವೆ ಮಾಡುವವನು ಸೇವಕನಲ್ಲ, ವ್ಯಾಪಾರಿ ಎಂದು ಹೇಳಿ, ಹೃದಯದಲ್ಲಿ ಕಾಮನೆಯೇ ಮೊಳೆಯದಿರಲಿ ಎಂಬುದನ್ನಷ್ಟೇ ಪ್ರಹ್ಲಾದನು ಬೇಡುತ್ತಾನೆ. ಆಮೇಲೆ ತನ್ನನ್ನು ಬೆಂಕಿಗೆ ನೂಕಿಸಿದ, ವಿಷ ಹಾಕಿಸಿದ, ಬೆಟ್ಟದಿಂದ ಉರುಳಿಸಿದ ತಂದೆಯ ಪಾಪ ಕಳೆದು ಆತನು ಶುದ್ಧನಾಗಲಿ ಎಂದು ಪ್ರಾರ್ಥಿಸುತ್ತಾನೆ. ಮಹಾಭಾರತದ ವನಪರ್ವದಲ್ಲಿ, ಧರ್ಮವಂತರಿಗೇಕೆ ಈ ಕಷ್ಟ ಎಂದು ದ್ರೌಪದಿ ನೊಂದು ಕೇಳಿದಾಗ ಯುಧಿಷ್ಠಿರನೂ ಇದೇ ಮಾತಿಗೆ ಬರುತ್ತಾನೆ: ಫಲಕ್ಕಾಗಿ ಧರ್ಮವನ್ನು ಆಚರಿಸುವವನು ಧರ್ಮದ ವ್ಯಾಪಾರಿ, ಧರ್ಮವನ್ನು ಕುರಿತು ಮಾತನಾಡುವವರಲ್ಲಿ ಅವನೇ ಕಡೆಯವನು. ಒಂದು ಕಾಡಿನಲ್ಲಿ ನುಡಿದದ್ದು, ಇನ್ನೊಂದು ಅರಮನೆಯ ಸಭಾಸ್ತಂಭದ ಬಳಿ ನುಡಿದದ್ದು. ಎರಡರ ತಿರುಳು ಒಂದೇ.

ಇಷ್ಟು ದೊಡ್ಡ ಮಾತು ಮಕ್ಕಳಿಗೆ ಅರ್ಥವಾಗುವುದಿಲ್ಲ, ಅವರಿಗೆ ಶಿಕ್ಷೆ ಮತ್ತು ಬಹುಮಾನಗಳ ಭಾಷೆಯೇ ಸರಿ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ನೈತಿಕ ತೀರ್ಮಾನಗಳನ್ನು ಕುರಿತು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಆಧಾರವೂ ಸಿಗುತ್ತದೆ. ಸೇಬು ಕದ್ದ ಹುಡುಗನೊಬ್ಬ ಶಿಥಿಲವಾದ ಸೇತುವೆಯನ್ನು ದಾಟುವಾಗ ಅದು ಮುರಿದು ನೀರಿಗೆ ಬಿದ್ದನೆಂಬ ಕಥೆಯನ್ನು ಕೇಳಿದ ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು, ಕದ್ದದ್ದರಿಂದಲೇ ಸೇತುವೆ ಮುರಿಯಿತು ಎಂದರು. ವಯಸ್ಸು ಏರಿದಂತೆ ಹಾಗೆ ಹೇಳುವವರು ಕಡಿಮೆಯಾದರು. ತಪ್ಪಿಗೆ ಜಗತ್ತಿನ ವಸ್ತುಗಳೇ ದಂಡನೆ ವಿಧಿಸುತ್ತವೆ ಎಂಬ ಈ ನಂಬಿಕೆಯನ್ನು ಪಿಯಾಜೆ ಅಂತರ್ನಿಹಿತ ನ್ಯಾಯವೆಂದು ಕರೆದನು. ಆದರೆ ಮಗು ನಿಂತಿರುವ ಮೆಟ್ಟಿಲು ಇದು ಎಂದ ಮಾತ್ರಕ್ಕೆ ಅಲ್ಲಿಯೇ ನಿಲ್ಲಿಸುವುದು ಶಿಕ್ಷಣವಾಗುವುದಿಲ್ಲ. ಕಷ್ಟವೆಲ್ಲ ತಪ್ಪಿನ ಫಲವೆಂದು ತೆರೆಯ ಮೇಲೆ ಮತ್ತೆ ಮತ್ತೆ ನೋಡಿದ ಮಗುವಿಗೆ ದೊಡ್ಡ ಕಾಯಿಲೆ ಬಂದರೆ, ಅಥವಾ ತಾಯಿ ತೀರಿಕೊಂಡರೆ, ಅದು ತಾನು ಮಾಡಿದ ಯಾವ ಪಾಪವನ್ನು ಹುಡುಕಿಕೊಳ್ಳಬೇಕು? ಪ್ರಹ್ಲಾದನಾದರೋ ತಪ್ಪೇ ಇಲ್ಲದೆ ನರಳಿದ ಮಗು. ಅಂಥ ಮಗುವಿಗೆ ಆಸರೆಯಾಗಬಲ್ಲವನು ಅವನೇ.

ಅನಿಮೇಷನ್ನಿನಲ್ಲಿ ಇಂಥ ಗಾಂಭೀರ್ಯ ಅಸಾಧ್ಯವೆನ್ನುವಂತಿಲ್ಲ. ಬೈಬಲಿನ ‘ವಿಮೋಚನಕಾಂಡ’ವನ್ನು, ಅಂದರೆ ಈಜಿಪ್ಟಿನ ದಾಸ್ಯದಿಂದ ಇಬ್ರಿಯರು ಬಿಡುಗಡೆಗೊಂಡ ಕಥೆಯನ್ನು, ಆಧರಿಸಿ ಡ್ರೀಮ್‌ವರ್ಕ್ಸ್ ಸಂಸ್ಥೆ 1998ರಲ್ಲಿ ಹೊರತಂದ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಇದಕ್ಕೆ ಸಾಕ್ಷಿ. ಯೆಹೂದಿ, ಕ್ರೈಸ್ತ, ಮುಸ್ಲಿಂ ವಿದ್ವಾಂಸರೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಿದ ಆ ಚಿತ್ರದಲ್ಲಿ ಇಬ್ರಿಯರ ನಾಯಕ ಮೋಶೆಯೂ ಈಜಿಪ್ಟಿನ ದೊರೆ ಫರೋಹನೂ ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರಂತೆ ಬರುತ್ತಾರೆ. ಈಜಿಪ್ಟಿನ ಚೊಚ್ಚಲು ಮಕ್ಕಳು ಸತ್ತ ರಾತ್ರಿ ಫರೋಹನು ಸೋತು ಬಿಡುಗಡೆಯ ಅಪ್ಪಣೆಯಿತ್ತಾಗ ಮೋಶೆ ಸಂಭ್ರಮಿಸುವುದಿಲ್ಲ, ಹೊರಗೆ ಬಂದು ಗೋಡೆಗೊರಗಿ ಅಳುತ್ತಾನೆ. ದೈವದ ನ್ಯಾಯ ನೆರವೇರಿದ ಹೊತ್ತಿನಲ್ಲೂ ಎದುರಾಳಿಯ ಮಗುವಿಗಾಗಿ ಕಣ್ಣೀರಿಡಬಹುದೆಂದು ಆ ಕೆಲವೇ ಕ್ಷಣಗಳು ಮಕ್ಕಳಿಗೆ ಕಲಿಸುವುದನ್ನು ಕಡಲು ಇಬ್ಭಾಗವಾಗುವ ವೈಭವದ ದೃಶ್ಯ ಕಲಿಸಲಾರದು.

ಇದಕ್ಕೆ ಹೋಲಿಸಿದರೆ ‘ಮಹಾವತಾರ್ ನರಸಿಂಹ’ದ ಕಡೆಯ ಭಾಗದಲ್ಲಿ ಕಾಳಗಕ್ಕೆ ಸಿಕ್ಕ ಪಾಲು ದೊಡ್ಡದು. ಉಗ್ರರೂಪವನ್ನು ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ನರಸಿಂಹನ ಆರ್ಭಟವನ್ನು ಕರಾವಳಿಯ ಮಕ್ಕಳು ತಲೆಮಾರುಗಳಿಂದ ಕಂಡಿದ್ದಾರೆ. ಆದರೆ ರೌದ್ರವೇ ನೆನಪಿನಲ್ಲಿ ಉಳಿದು ಪ್ರಹ್ಲಾದನ ಪ್ರಾರ್ಥನೆ ಮರೆತುಹೋದರೆ ಮಗು ಪಡೆದದ್ದು ಶಕ್ತಿಯ ಮೇಲಿನ ಬೆರಗು, ಭಕ್ತಿಯಲ್ಲ. ಭಾಗವತದಲ್ಲಿ ಪ್ರಹ್ಲಾದನೇ ಹೇಳುವ ನವವಿಧ ಭಕ್ತಿಯಲ್ಲಿ, ಎಂದರೆ ಭಕ್ತಿಯ ಒಂಬತ್ತು ಬಗೆಗಳಲ್ಲಿ, ಮೊದಲನೆಯದು ಶ್ರವಣ, ಕೇಳುವುದು. ತೆರೆಯ ಮೇಲೆ ಕಂಡದ್ದಕ್ಕೆ ಕೇಳುವಿಕೆಯನ್ನು ಜೋಡಿಸುವ ಕೆಲಸ ಹಿರಿಯರದು. ಮಂತ್ರಾಲಯದ ರಾಯರನ್ನು ಪ್ರಹ್ಲಾದನ ಅವತಾರವೆಂದು ನಂಬುವ ಮನೆಗಳು ಕನ್ನಡನಾಡಿನಲ್ಲಿ ಅಸಂಖ್ಯ. ಮಕ್ಕಳನ್ನು ಈ ಚಿತ್ರಕ್ಕೆ ಕರೆದೊಯ್ಯುವ ಆ ಮನೆಗಳ ಹಿರಿಯರು, ಪ್ರಹ್ಲಾದನು ವರವನ್ನು ಏಕೆ ಒಲ್ಲೆನೆಂದನು, ತಂದೆಗಾಗಿ ಏನನ್ನು ಬೇಡಿದನು ಎಂಬುದನ್ನು ಅದೇ ರಾತ್ರಿ ತಮ್ಮ ಬಾಯಿಂದಲೇ ಮಕ್ಕಳಿಗೆ ಹೇಳಬೇಕು.