ಕೇಳಿ ಪಡೆಯುವ ಕುರ್ಚಿ

ನಮ್ಮ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಕೆಲಸ ಖಾಲಿಯಾದರೆ ಸಾಹುಕಾರರು ಮೊದಲು ಅಕ್ಕಪಕ್ಕದ ತೋಟಗಳಲ್ಲಿ ವಿಚಾರಿಸುತ್ತಾರೆ. ಲೆಕ್ಕದಲ್ಲಿ ಹೇಗೆ, ಆಳುಗಳೊಡನೆ ಹೇಗೆ? ತಾನಾಗಿ ಬಂದು ಗೇಟಿನಲ್ಲಿ ನಿಂತವನ ಮೇಲೆ ಒಂದಿಷ್ಟು ಅನುಮಾನ ಇದ್ದೇ ಇರುತ್ತದೆ. ತೋಟದ ರೈಟರಿಗೇ ಇಷ್ಟು ಹುಡುಕಾಟವಾದರೆ ವಿಶ್ವವಿದ್ಯಾನಿಲಯದ ಕುಲಪತಿಗೆ ಎಷ್ಟಿರಬೇಕು?

ಹುಡುಕುವುದಕ್ಕೆಂದೇ ಸಮಿತಿಯೇನೋ ಇದೆ. ಕರ್ನಾಟಕದ 2000ದ ಕಾಯ್ದೆಯಂತೆ ರಾಜ್ಯಪಾಲರು, ಸರ್ಕಾರ, ಯುಜಿಸಿ, ಸಿಂಡಿಕೇಟು ತಲಾ ಒಬ್ಬರನ್ನು ಹೆಸರಿಸಿ ಶೋಧನಾ ಸಮಿತಿಯಾಗುತ್ತದೆ. ಅದು ಮೂರು ಹೆಸರು ಕೊಡುತ್ತದೆ. ಹೆಸರು ಶೋಧನೆ, ನಡೆಯುವುದು ಪತ್ರಿಕೆಯಲ್ಲಿ ಪ್ರಕಟಣೆ, ಅರ್ಜಿ, ಆಮೇಲೆ ಬೆಂಗಳೂರಿನ ಓಡಾಟ. 1956ರಲ್ಲಿ ಮೈಸೂರಿನ ಕುಲಪತಿಯಾದ ಕುವೆಂಪು, ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಕುಲಪತಿಯಾಗಿದ್ದ, ಹಾಸ್ಟೆಲಿನ ಕೋಣೆಯಲ್ಲೇ ಬಾಳಿದ ಎಚ್. ನರಸಿಂಹಯ್ಯ, ಇವರಿಬ್ಬರೂ ಅರ್ಜಿಯ ನಮೂನೆ ತುಂಬಿಕೊಂಡು ಬಾಗಿಲಲ್ಲಿ ಕಾದು ನಿಂತಂತೆ ಊಹಿಸಿಕೊಳ್ಳಲು ನನಗಂತೂ ಕಷ್ಟ.

ಹಾಗೆಂದು ಕರೆದು ಕೂರಿಸುವುದೇ ಮೇಲು ಎನ್ನಲಾರೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿ ಮೊದಲ ಮಹಿಳಾ ಕುಲಪತಿಯಾಗಿ ಸೆಲ್ವಿ ದಾಸ್ ಬಂದದ್ದು 1988ರಲ್ಲಿ. ಬರೋಡದಲ್ಲಿ ಹಂಸಾ ಮೆಹ್ತಾ 1949ರಲ್ಲೇ ಆ ಕುರ್ಚಿಯಲ್ಲಿ ಕುಳಿತಿದ್ದರು. ನಮ್ಮಲ್ಲಿ ಎಪ್ಪತ್ತೆರಡು ವರ್ಷ ಹುಡುಕಿದವರ ಕಣ್ಣಿಗೆ ಒಬ್ಬ ಹೆಣ್ಣೂ ಬೀಳಲಿಲ್ಲವೆ? ಕರೆಯುವವರು ತಮಗೆ ಪರಿಚಯವಿದ್ದವರನ್ನಷ್ಟೇ ಕರೆಯುತ್ತಾರೆ. ಅರ್ಜಿಗಾದರೋ ಪರಿಚಯ ಬೇಡ.

ಆದರೆ ಕೇಳುವುದನ್ನೇ ನಮಗೆ ಯಾರೂ ಕಲಿಸಲಿಲ್ಲ. ಎಲ್ಲರಿಗೂ ಬಡಿಸಿ, ಉಳಿದ ಅಕ್ಕಿರೊಟ್ಟಿ ಎಷ್ಟಿದ್ದರೆ ಅಷ್ಟು ತಿಂದು ಏಳುವವರು ನಾವು. ಪ್ರಾಧ್ಯಾಪಕಿಯಾಗಿರುವ ಗೆಳತಿಯೊಬ್ಬಳು, ಆಡಳಿತದಲ್ಲಿ ಪಳಗಿದವಳು, ಪ್ರತಿ ಸಲವೂ ಹೇಳುವುದು ಒಂದೇ ಮಾತು: "ಕರೆದರೆ ಹೋಗ್ತೀನಿ ಕಣೇ, ಕೇಳ್ಕೊಂಡು ಹೋಗಲ್ಲ." ಆ ಮಾತಿನಲ್ಲಿ ಮಾನವೂ ಇದೆ, ಕೇಳಿ ಇಲ್ಲವೆನ್ನಿಸಿಕೊಳ್ಳುವ ಭಯವೂ ಇದೆ. ಎರಡನ್ನೂ ಒಂದೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೇವೆ.

ಅವಳು ಕೇಳದಿದ್ದರೆ ಕುರ್ಚಿಯೇನೂ ಖಾಲಿ ಉಳಿಯುವುದಿಲ್ಲ. ಯಾರೋ ಕೂರುತ್ತಾರೆ. ಮಾರ್ಗದರ್ಶಕನ ಕಾಟ ತಾಳಲಾರದ ಸಂಶೋಧನೆಯ ಹುಡುಗಿಯ ದೂರು ಕೊನೆಗೆ ಹೋಗುವುದು ಆ ಮೇಜಿಗೇ. ಹಾಸನಕ್ಕೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಶುರುವಾದ 2023ರಲ್ಲಿ ನನಗೆ ನೆನಪಾದವರು, ಆಲೂರಿನಿಂದ ಬೆಳಗಿನ ಬಸ್ಸು ಹಿಡಿದು ಹೇಮಗಂಗೋತ್ರಿಗೆ ಹೋಗುವ ಹುಡುಗಿಯರು.

ಮಂತ್ರಿಗಳ ಮನೆ ಬಾಗಿಲು ಕಾಯುವುದು ನಾಚಿಕೆಗೇಡು. ಮಾಡಿದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ಅಂಚೆಗೆ ಹಾಕುವುದರಲ್ಲಿ ನಾಚಿಕೆ ಏಕೆ? ಸಮಿತಿಯವರೂ ಬಂದ ಅರ್ಜಿಗಳ ಕಂತೆ ಕಟ್ಟಿಟ್ಟು, ಅರ್ಜಿ ಹಾಕದ ನಾಲ್ವರನ್ನು ಹೋಗಿ ಕೇಳಿದರೆ ಅವರ ಹೆಸರೂ ಸಾರ್ಥಕವಾದೀತು.

ಗೆಳತಿಗೆ ಇನ್ನೂ ನಾಲ್ಕು ವರ್ಷ ಸರ್ವೀಸಿದೆ. ಮುಂದಿನ ಪ್ರಕಟಣೆ ಬಂದ ದಿನ ಕತ್ತರಿಸಿ ಕಳಿಸುತ್ತೇನೆಂದಿದ್ದೇನೆ. ಬೈದಳು. ಬೇಡ ಎನ್ನಲಿಲ್ಲ.