ಬಿಚ್ಚಲು ಬರುವ ರೆಕ್ಕೆ

ಗಟ್ಟಿ ಎಂದರೆ ಯಾವುದು? ಬಿಚ್ಚಲು ಬಾರದ್ದೋ, ಬಿಚ್ಚಲು ಬಂದರೂ ಬಿಚ್ಚದೆ ಉಳಿದದ್ದೋ? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿದ್ದು ಯಾವ ವೇದಾಂತದ ಪುಸ್ತಕದಿಂದಲೂ ಅಲ್ಲ, ಅಲೆಯ ಮೇಲೆ ಜಾರುವ ಒಂದು ಹಲಗೆಯಿಂದ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ನಮ್ಮದು ಕಡೂರು ತಾಲ್ಲೂಕಿನ ಚೌಳಹಿರಿಯೂರು. ಬಯಲುಸೀಮೆ. ಕೆರೆ ತುಂಬಿದ ವರ್ಷವೇ ನಮಗೆ ದೊಡ್ಡ ಹಬ್ಬ. ಕಡಲನ್ನು ನಾವು ಚಿಕ್ಕಂದಿನಲ್ಲಿ ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಅಂಥ ಊರಿನಿಂದ ನನ್ನ ತಂಗಿಯನ್ನು ಮೂಲ್ಕಿಗೆ ಕೊಟ್ಟೆವು. ಶಾಂಭವಿ, ನಂದಿನಿ ಹೊಳೆಗಳು ಸಮುದ್ರ ಸೇರುವ ಸೀಮೆ ಅದು. ಮಂತ್ರ ಸರ್ಫ್ ಕ್ಲಬ್ಬು ಅಲ್ಲಿ ಸರ್ಫಿಂಗ್ ಕಲಿಸಲು ತೊಡಗಿದ ಮೇಲೆ ಆ ತೀರಕ್ಕೆ ಬೇರೆಯೇ ಹೆಸರು ಬಂತು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ಈಗ ತಂಗಿಯ ಮಗಳಿಗೂ ಆ ಹುಚ್ಚು ಹಿಡಿದಿದೆ. ಕೂಡಿಟ್ಟ ದುಡ್ಡಿನಲ್ಲಿ ಸ್ವಂತದ್ದೊಂದು ಹಲಗೆ ಮಾಡಿಸಬೇಕೆಂದು ಹೊರಟಿದ್ದಾಳೆ.

ಅವಳಿಗೆ ಬೇಕಾದದ್ದು ‘ಫಿಶ್’ ಎಂಬ ಜಾತಿಯ ಹಲಗೆ. ಗಿಡ್ಡ, ಅಗಲ, ಹಿಂಬದಿ ಮೀನಿನ ಬಾಲದಂತೆ ಸೀಳಿಕೊಂಡಿರುತ್ತದೆ. 1967ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸ್ಟೀವ್ ಲಿಸ್ ಎಂಬ ತರುಣ ಮಂಡಿಯೂರಿ ಅಲೆ ಸವಾರಿ ಮಾಡಲೆಂದು ಮೊದಲು ಮಾಡಿಕೊಂಡದ್ದಂತೆ. ಬಾಲದ ಎರಡು ಕವಲಿನ ಅಡಿಯಲ್ಲಿ ಎರಡು ರೆಕ್ಕೆಗಳಿರುತ್ತವೆ. ಅವಕ್ಕೆ ಕೀಲ್ ಫಿನ್ ಎನ್ನುತ್ತಾರೆ. ಹೆಚ್ಚು ಎತ್ತರವಿಲ್ಲ, ಬುಡ ಮಾತ್ರ ಉದ್ದ. ರೆಕ್ಕೆಯಿಲ್ಲದ ಹಲಗೆ ಅಲೆಯ ಮೇಲೆ ಅಡ್ಡಡ್ಡ ಜಾರುತ್ತದೆ, ದಿಕ್ಕು ಹಿಡಿಯುವುದಿಲ್ಲ. 1935ರಲ್ಲಿ ಟಾಮ್ ಬ್ಲೇಕ್ ಎಂಬಾತ ಹಲಗೆಗೆ ಮೊದಲ ರೆಕ್ಕೆ ಜೋಡಿಸುವವರೆಗೆ ಸವಾರರು ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ತಿರುಗಿಸಿಕೊಳ್ಳುತ್ತಿದ್ದರು.

ಈ ರೆಕ್ಕೆಯನ್ನು ಎರಡು ರೀತಿ ಕೂರಿಸಬಹುದು. ಒಂದು, ಗಾಜಿನ ನಾರಿನ ಬಟ್ಟೆ, ಅಂಟುರಾಳ ಹಾಕಿ ಹಲಗೆಗೇ ಬೆಸೆದುಬಿಡುವುದು. ಸಂದಿಲ್ಲ, ಸ್ಕ್ರೂ ಇಲ್ಲ. ಮೀನಿನ ಮೈಯಿಂದಲೇ ಮೂಡಿದಂತೆ ನುಣುಪಾಗಿರುತ್ತದೆ. ಇನ್ನೊಂದು, ಹಲಗೆಯಲ್ಲಿ ಗೂಡು ಮಾಡಿ ರೆಕ್ಕೆಯನ್ನು ಅದರಲ್ಲಿ ನಿಲ್ಲಿಸಿ ಸ್ಕ್ರೂ ಬಿಗಿಯುವುದು. ಬೇಕಾದಾಗ ಬಿಚ್ಚಬಹುದು, ದೊಡ್ಡದು ಚಿಕ್ಕದು ಬದಲಾಯಿಸಬಹುದು, ಬಸ್ಸಿಗೆ ಹಾಕುವಾಗ ಕಳಚಿ ಚೀಲದಲ್ಲಿಡಬಹುದು.

“ಯಾವುದು ಮಾಡಿಸಲಿ ದೊಡ್ಡಮ್ಮ?” ಎಂದು ಅವಳು ಫೋನಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವಳಮ್ಮನ ದನಿ ಕೇಳಿಸಿತು: “ಬೆಸೆದದ್ದೇ ಇರಲಿ ಅನ್ನಕ್ಕ. ಬಿಚ್ಚಲು ಬರುತ್ತದೆ ಅಂದರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.”

ತಂಗಿಯ ಮಾತನ್ನು ತಳ್ಳಿಹಾಕುವಂತಿಲ್ಲ. ದಿನಕ್ಕೊಂದು ರೆಕ್ಕೆ ಬದಲಾಯಿಸುವವಳಿಗೆ ತಪ್ಪು ಹಲಗೆಯದೋ ತನ್ನ ಕಾಲಿನದೋ ಎಂದು ಗೊತ್ತಾಗುವುದು ಯಾವಾಗ? ಬದಲಾಯಿಸುವ ದಾರಿಯೇ ಇಲ್ಲದಿದ್ದರೆ ಮನುಷ್ಯ ಇರುವುದರಲ್ಲೇ ಕಲಿಯುತ್ತಾನೆ. ನಮ್ಮ ಹಿರಿಯರು ಒರಳನ್ನು ನೆಲಕ್ಕೆ ಹೂತದ್ದು ಸುಮ್ಮನೆಯೇ? ಅಲುಗಾಡುವ ಒರಳಿನಲ್ಲಿ ಹಿಟ್ಟು ರುಬ್ಬಿ ನೋಡಿದವರಿಗೆ ಗೊತ್ತು.

ಆದರೆ ಅದೇ ಹಿರಿಯರು ನೇಗಿಲಿನ ಗುಳವನ್ನು ಮರಕ್ಕೆ ಬೆಸೆಯಲಿಲ್ಲ. ನೆಲ ಸೀಳುವ ಕಬ್ಬಿಣ ಸವೆಯುತ್ತದೆ, ಕಲ್ಲಿಗೆ ತಾಗಿ ಮೊಂಡಾಗುತ್ತದೆ. ಅದನ್ನು ಕಳಚಿ ಕುಲುಮೆಗೆ ಒಯ್ದು ತಟ್ಟಿಸಿ ತರುತ್ತಿದ್ದರು. ಗುಳ ಬಿಚ್ಚಲು ಬರುತ್ತದೆಂದು ಯಾವ ರೈತನೂ ಉಳುಮೆಯ ನಡುವೆ ಬಿಚ್ಚಿ ಎಸೆದದ್ದಿಲ್ಲ. ಒರಳಿಗೆ ಒಂದು ನ್ಯಾಯ, ಗುಳಕ್ಕೆ ಒಂದು ನ್ಯಾಯ. ಯಾವುದನ್ನು ಹೂಳಬೇಕು, ಯಾವುದನ್ನು ಬಿಗಿದರೆ ಸಾಕು ಎಂಬುದನ್ನು ಅವರು ಮರ್ಯಾದೆಯಿಂದ ಅಳೆಯಲಿಲ್ಲ, ಕೆಲಸದಿಂದ ಅಳೆದರು. ಪೆಟ್ಟು ಬಿದ್ದಾಗ ಏನಾಗುತ್ತದೆ ಎಂಬುದರಿಂದ ಅಳೆದರು.

ಪೆಟ್ಟು ಬಿದ್ದಾಗ ಏನಾಗುತ್ತದೆ? ಆಳವಿಲ್ಲದ ನೀರಿನಲ್ಲಿ ರೆಕ್ಕೆ ಮರಳಿಗೋ ಬಂಡೆಗೋ ಬಡಿದರೆ, ಸ್ಕ್ರೂ ಬಿಗಿದದ್ದು ಅನೇಕ ಸಲ ತಾನು ಮುರಿದು ಹಲಗೆಯನ್ನು ಉಳಿಸುತ್ತದೆ. ಬೆಸೆದದ್ದು ಸುಲಭಕ್ಕೆ ಕೀಳುವುದಿಲ್ಲ, ಕಿತ್ತರೆ ಹಲಗೆಯ ಚರ್ಮವನ್ನೂ ಕಿತ್ತುಕೊಂಡೇ ಬರುತ್ತದೆ. ಆ ಸೀಳಿನಲ್ಲಿ ಉಪ್ಪುನೀರು ಒಳಗಿಳಿದು ಹಲಗೆಯೇ ಕೆಡುತ್ತದೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕಡಲಲ್ಲ, ನಮ್ಮ ಬೀದಿಯ ಒಬ್ಬ ಹೆಂಗಸು. ನಾನು ಲಂಗ ಉಡುವ ವಯಸ್ಸಿನಲ್ಲಿ ಆಕೆಯ ಕೂಗು ರಾತ್ರಿ ಹೊತ್ತು ಮೂರು ಮನೆಗೆ ಕೇಳುತ್ತಿತ್ತು. ಬೆಳಿಗ್ಗೆ ಬಾವಿಯ ಹತ್ತಿರ ಸೆರಗು ಹೊದ್ದು ನಿಂತಿರುತ್ತಿದ್ದಳು. “ಎಷ್ಟಾದರೂ ಗಟ್ಟಿ ಹೆಂಗಸು, ಮನೆ ಬಿಡಲಿಲ್ಲ” ಎಂದು ಊರು ಹೊಗಳಿತು. ಬಿಟ್ಟು ಹೋಗಲು ಆಕೆಗೆ ತವರಿನ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಕಾನೂನಿನ ಬಾಗಿಲು ತೆರೆದಿತ್ತು. ಅದು ಅಲ್ಲಿದೆಯೆಂದು ಆಕೆಗೆ ತಿಳಿಸಿದವರಿಲ್ಲ. ಹಿಂದೂ ಕೋಡ್ ಮಸೂದೆ ಮುಂದೆ ಸಾಗದೆ ನಿಂತದ್ದು ಅಂಬೇಡ್ಕರ್ ಅವರು 1951ರಲ್ಲಿ ಮಂತ್ರಿಪದವಿ ಬಿಡಲು ಮುಖ್ಯ ಕಾರಣಗಳಲ್ಲೊಂದು. ಕೊನೆಗೆ 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದು ವಿಚ್ಛೇದನಕ್ಕೆ ದಾರಿಯಾಯಿತು. ಬಿಚ್ಚಲು ಬಂದರೆ ಸಂಸಾರಗಳೇ ಒಡೆದುಹೋಗುತ್ತವೆ ಎಂದು ಆಗ ಹೆದರಿಸಿದವರಿದ್ದರು. ನೋಡಿ, ನನ್ನ ತಂಗಿಯದೂ ಅದೇ ಮಾತು!

ಇನ್ನೊಂದು ಕಡೆ ನಮ್ಮ ಅವ್ವ ಇದ್ದಾಳೆ. ಎಂಬತ್ತು ಹತ್ತಿರವಾಯಿತು, ಚೌಳಹಿರಿಯೂರಿನ ಮನೆಯಲ್ಲಿ ಒಬ್ಬಳೇ. ಬಾ ಎಂದು ಕರೆಯುವ ಮಕ್ಕಳ ಮನೆಗಳು ಮೂರಿವೆ, ಬರುತ್ತಾಳೆ, ಎಂಟು ದಿನ ಇದ್ದು ತೆಂಗಿನ ಗಿಡಕ್ಕೆ ನೀರಿಲ್ಲ ಎಂದು ಹೊರಟು ನಿಲ್ಲುತ್ತಾಳೆ. ಮೂರು ಬಾಗಿಲು ತೆರೆದಿದ್ದೂ ಅವಳು ಅಲ್ಲಿದ್ದಾಳೆ. ಬೀದಿಯ ಆ ಹೆಂಗಸೂ ಅಲ್ಲೇ ಇದ್ದಳು, ಅವ್ವನೂ ಅಲ್ಲೇ ಇದ್ದಾಳೆ. ಎರಡನ್ನೂ ನಿಷ್ಠೆ ಎಂಬ ಒಂದೇ ಮಾತಿನಿಂದ ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ನಿಮಗೆ ಬರುತ್ತದೆಯೇ?

ಹಾಗೆಂದು ಬಿಚ್ಚಲು ಬರುವುದೆಲ್ಲ ಸುಲಭವೆಂದು ತಿಳಿಯಬೇಡಿ. ಬೆಸೆದ ರೆಕ್ಕೆಯನ್ನು ಮರೆತು ನೀರಿಗಿಳಿಯಬಹುದು. ಸ್ಕ್ರೂ ಹಾಕಿದ್ದನ್ನು ಪ್ರತಿ ಸಲವೂ ಅಲುಗಿಸಿ ನೋಡಬೇಕು, ಸಡಿಲಾಗಿದ್ದರೆ ಬಿಗಿಯಬೇಕು, ಉಪ್ಪು ತೊಳೆಯಬೇಕು. ಬಿಟ್ಟರೆ ಒಂದು ದಿನ ಸಮುದ್ರವೇ ಬಿಚ್ಚಿಕೊಂಡು ಹೋಗುತ್ತದೆ. ಸ್ವಾತಂತ್ರ್ಯದ ಜೊತೆಗೆ ಈ ದಿನನಿತ್ಯದ ಕೆಲಸವೂ ಬರುತ್ತದೆ.

ಸೊಸೆಯಾಗಿ, ನೌಕರಿಯವಳಾಗಿ, ಗೆಳತಿಯಾಗಿ ಇರುವ ನಮಗೆಲ್ಲ ಇದು ಗೊತ್ತಿರುವ ವಿಷಯವೇ. ಗಟ್ಟಿಯಾಗಿ ನಿಂತ ಸಂಬಂಧಗಳನ್ನು ಯಾರೋ ಒಬ್ಬರು ಸದ್ದಿಲ್ಲದೆ ಬಿಗಿಯುತ್ತಲೇ ಇರುತ್ತಾರೆ. ಆ ಕೈ ಯಾವಾಗಲೂ ಒಬ್ಬರದೇ ಆದರೆ ಅದೂ ಅನ್ಯಾಯ.

ತಂಗಿಯ ಮಗಳು ಸ್ಕ್ರೂ ಹಾಕುವ ಹಲಗೆಯನ್ನೇ ಮಾಡಿಸುತ್ತಿದ್ದಾಳೆ. ಆದರೆ ಒಂದು ವರ್ಷ ಅದೇ ಜೋಡಿ ರೆಕ್ಕೆಯಲ್ಲಿ ಕಲಿಯುತ್ತೇನೆ, ಬದಲಾಯಿಸುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದಾಳೆ. ರಾಳದಲ್ಲಿ ಬೆಸೆದಿದ್ದರೆ ಈ ಮಾತು ಕೊಡುವ ಅಗತ್ಯವೇ ಇರುತ್ತಿರಲಿಲ್ಲ. ಬಿಚ್ಚಲು ಬರುವುದರಿಂದಲೇ ಆ ಮಾತಿಗೆ ಬೆಲೆ ಬಂತು.